ಸ್ಟೆಂಟ್ ಹಾಕಿದ ಮೇಲೂ ಮಾತ್ರೆ ಯಾಕೆ?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಬೇರೆ ಬೇರೆ ಊರುಗಳಿಂದ ಮತ್ತೆ ಮತ್ತೆ ಬರುತ್ತದೆ. ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆಗಿತ್ತು, ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿಸಿದೆವು, ಆಂಜಿಯೋಪ್ಲಾಸ್ಟಿ ಮಾಡಿ ಸ್ಟೆಂಟ್ ಹಾಕಿದರು, ಬ್ಲಾಕ್ ಪೂರ್ತಿ ಹೋಗಿದೆ ಎಂದು ಪರದೆಯ ಮೇಲೆ ತೋರಿಸಿದರು. ಹಾಗಿದ್ದ ಮೇಲೆ ರಕ್ತ ಹೆಪ್ಪುಗಟ್ಟದಿರಲು ಎರಡೆರಡು ಮಾತ್ರೆ ಯಾಕೆ? ಎಷ್ಟು ದಿನ? ಒಂದನ್ನಾದರೂ ಬಿಡಬಹುದೇ? ಕಳೆದ ವಾರ ಬಂದ ಪತ್ರದಲ್ಲಿ ಇನ್ನೂ ಒಂದು ಮಾತಿತ್ತು: ‘ಬ್ಲಾಕ್ ತೆಗೆದ ಮೇಲೂ ಮಾತ್ರೆ ನುಂಗಿಸುವುದು ಔಷಧ ಕಂಪನಿಗಳಿಗೆ ವ್ಯಾಪಾರ ಆಗಲಿ ಅಂತ ಅಲ್ಲವೇ?’

ಈ ಅನುಮಾನ ಪಡುವವರ ಮೇಲೆ ನನಗೆ ಕೋಪವಿಲ್ಲ. ಲಕ್ಷಾಂತರ ರೂಪಾಯಿಯ ಬಿಲ್ ಕಟ್ಟಿ ಬಂದವರಿಗೆ ಕೆಲಸ ಮುಗಿಯಿತು ಎಂದು ಅನ್ನಿಸುವುದು ಸಹಜ. ಆದರೆ ಕೆಲಸ ಮುಗಿದಿರುವುದಿಲ್ಲ. ಆಂಜಿಯೋಪ್ಲಾಸ್ಟಿಯ ಬಲೂನು ಧಮನಿಯನ್ನು ತೆರೆಯುತ್ತದೆ. ಅದು ಮತ್ತೆ ಮುಚ್ಚಿಕೊಳ್ಳದಂತೆ ಕಾಯುವುದು ಮುಂದಿನ ತಿಂಗಳುಗಳಲ್ಲಿ ನಾವು ಮನೆಯಲ್ಲಿ ಕುಳಿತು ನುಂಗುವ ಮಾತ್ರೆ. ಇವೆರಡನ್ನೂ ಒಂದೇ ಚಿಕಿತ್ಸೆಯ ಭಾಗ ಎಂದು ರೋಗಿಗೆ ಹೇಳಿ ಕಳಿಸುವುದರಲ್ಲಿ ನಮ್ಮ ಆಸ್ಪತ್ರೆಗಳು ಹಿಂದೆ ಬಿದ್ದಿವೆ ಎನ್ನುವುದು ನನ್ನ ಅಭಿಪ್ರಾಯ. ಇವತ್ತಿನ ಅಂಕಣ ಪೂರ್ತಿ ಅದರ ಬಗ್ಗೆಯೇ.

ಮೊದಲು ಹೃದಯಾಘಾತ ಆಗುವುದು ಹೇಗೆ ಎಂದು ನೋಡೋಣ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಧಮನಿಗಳ ಅಗಲ ಮೂರು–ನಾಲ್ಕು ಮಿಲಿಮೀಟರ್ ಇದ್ದರೆ ಹೆಚ್ಚು. ಅವುಗಳ ಒಳಗೋಡೆಯಲ್ಲಿ ವರ್ಷಾನುಗಟ್ಟಲೆ ಕೊಬ್ಬು ಶೇಖರವಾಗುತ್ತದೆ. ಅದು ನಿಧಾನವಾಗಿ ದಪ್ಪವಾಗುತ್ತ ಹೋಗಿ ಒಂದು ದಿನ ದಾರಿ ಮುಚ್ಚಿಬಿಡುತ್ತದೆ ಎಂದೇ ಬಹಳ ಜನ ತಿಳಿದಿದ್ದಾರೆ. ಬಹುಪಾಲು ಹೃದಯಾಘಾತಗಳಲ್ಲಿ ಆಗುವುದು ಬೇರೆ. ಅರ್ಧದಷ್ಟೇ ದಾರಿ ಕಟ್ಟಿದ್ದ, ಏನೂ ತೊಂದರೆ ಕೊಡದೆ ಇದ್ದ ಕೊಬ್ಬಿನ ಗಡ್ಡೆಯ ಮೇಲಿನ ತೆಳುಪೊರೆ ಇದ್ದಕ್ಕಿದ್ದಂತೆ ಬಿರಿಯುತ್ತದೆ. ಒಳಗಿನ ಕೊಬ್ಬು ರಕ್ತಕ್ಕೆ ತಾಗುತ್ತದೆ. ಆಗ ಧಾವಿಸಿ ಬರುವುದು ಪ್ಲೇಟ್‌ಲೆಟ್‌ಗಳು. ಡೆಂಗಿ ಬಂದ ಮೇಲೆ ಈ ಹೆಸರು ಗೊತ್ತಿಲ್ಲದ ಮನೆ ನಮ್ಮಲ್ಲಿ ಇಲ್ಲ. ಒಂದು ಮೈಕ್ರೋಲೀಟರ್ ರಕ್ತದಲ್ಲಿ 1.5 ಲಕ್ಷದಿಂದ 4.5 ಲಕ್ಷದವರೆಗೆ ಇರುವ, ನ್ಯೂಕ್ಲಿಯಸ್ ಕೂಡ ಇಲ್ಲದ, ಏಳರಿಂದ ಹತ್ತು ದಿನ ಮಾತ್ರ ಬದುಕುವ ಕಣಗಳು ಇವು. ಕೆರೆಯ ಏರಿ ಬಿರಿದರೆ ಊರಿನವರು ಸಿಕ್ಕ ಬುಟ್ಟಿಯಲ್ಲಿ ಮಣ್ಣು ತುಂಬಿಕೊಂಡು ಓಡಿಬಂದು, ಉಳಿದವರನ್ನೂ ಕೂಗಿ ಕರೆದು ಸುರಿಯುತ್ತಾರಲ್ಲ, ಪ್ಲೇಟ್‌ಲೆಟ್‌ಗಳು ಮಾಡುವುದೂ ಅದನ್ನೇ. ಕೈ ಕೊಯ್ದುಕೊಂಡಾಗ ಈ ಗುಣ ನಮ್ಮನ್ನು ಬದುಕಿಸುತ್ತದೆ. ಆದರೆ ಬಿರಿದದ್ದು ಚರ್ಮದ ಮೇಲಿನ ರಕ್ತನಾಳವೋ ಹೃದಯದ ಒಳಧಮನಿಯೋ ಎಂಬ ವ್ಯತ್ಯಾಸ ಅವಕ್ಕೆ ತಿಳಿಯದು. ಬಿರುಕು ಮುಚ್ಚಲು ಬಂದವು ಇಡೀ ದಾರಿಯನ್ನೇ ಮುಚ್ಚಿಬಿಡುತ್ತವೆ. ಆಚೆ ಬದಿಯ ಸ್ನಾಯು ನಿಮಿಷ ನಿಮಿಷಕ್ಕೂ ಸಾಯತೊಡಗುತ್ತದೆ.

ಬಂದ ಪ್ಲೇಟ್‌ಲೆಟ್‌ಗಳು ಉಳಿದವನ್ನು ಕರೆಯಲು ರಾಸಾಯನಿಕಗಳನ್ನು ಬಿಡುತ್ತವೆ. ಥ್ರಾಂಬೋಕ್ಸೇನ್ ಮತ್ತು ಎಡಿಪಿ ಅವುಗಳಲ್ಲಿ ಮುಖ್ಯವಾದವು. ಆಸ್ಪಿರಿನ್ ಮೊದಲನೆಯದರ ತಯಾರಿಯನ್ನೇ ನಿಲ್ಲಿಸುತ್ತದೆ. ಕ್ಲೋಪಿಡೋಗ್ರೆಲ್, ಪ್ರಾಸುಗ್ರೆಲ್, ಟಿಕಾಗ್ರೆಲಾರ್ ಎಂಬ ಮಾತ್ರೆಗಳು ಎರಡನೆಯದರ ಕರೆ ಪ್ಲೇಟ್‌ಲೆಟ್‌ಗೆ ಮುಟ್ಟದಂತೆ ತಡೆಯುತ್ತವೆ. ಎರಡು ಮಾತ್ರೆ ಯಾಕೆ ಎಂಬುದಕ್ಕೆ ಇದೇ ಉತ್ತರ. ದಾರಿ ಎರಡಿವೆ, ಒಂದನ್ನು ಮಾತ್ರ ಮುಚ್ಚಿದರೆ ಇನ್ನೊಂದರಲ್ಲಿ ಕರೆ ಹೋಗುತ್ತಲೇ ಇರುತ್ತದೆ. ಈ ಮಾತ್ರೆಗಳಿಂದ ರಕ್ತ ನೀರಾಗುವುದಿಲ್ಲ, ಪ್ಲೇಟ್‌ಲೆಟ್‌ಗಳ ಸಂಖ್ಯೆಯೂ ಸಾಮಾನ್ಯವಾಗಿ ಕಡಿಮೆಯಾಗುವುದಿಲ್ಲ. ಅವು ಒಂದಕ್ಕೊಂದು ಅಂಟಿಕೊಳ್ಳುವ ಆತುರ ತಗ್ಗುತ್ತದೆ, ಅಷ್ಟೆ.

ಈಗ ಸ್ಟೆಂಟಿನ ಕಥೆ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಯಾಕೆಂದರೆ ‘ಕಂಪನಿಗಳ ವ್ಯಾಪಾರ’ ಎಂಬ ಅನುಮಾನಕ್ಕೆ ಉತ್ತರ ಇದರಲ್ಲೇ ಇದೆ. 1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್‌ಸಿಗ್ ಎಂಬ ವೈದ್ಯರು ಎಚ್ಚರವಾಗಿದ್ದ ರೋಗಿಯೊಬ್ಬರ ಹೃದಯದ ಧಮನಿಯೊಳಗೆ ಪುಟ್ಟ ಬಲೂನು ಕಳಿಸಿ ಉಬ್ಬಿಸಿ ಬ್ಲಾಕ್ ತೆರೆದರು. ಆಂಜಿಯೋಪ್ಲಾಸ್ಟಿ ಶುರುವಾದದ್ದು ಹಾಗೆ. ಆದರೆ ಬಲೂನು ತೆಗೆದ ಮೇಲೆ ಧಮನಿ ಮತ್ತೆ ಕುಸಿಯುವುದು ಸಾಮಾನ್ಯವಾಗಿತ್ತು. ಕುಸಿಯದಂತೆ ಒಳಗೊಂದು ಲೋಹದ ಜಾಲರಿ ಇಟ್ಟರೆ ಹೇಗೆ ಎಂಬ ಯೋಚನೆ 1986ರಲ್ಲಿ ಕೈಗೂಡಿತು. ಫ್ರಾನ್ಸಿನ ತುಲೂಸ್‌ನಲ್ಲಿ ಜಾಕ್ ಪುವೆಲ್, ಸ್ವಿಟ್ಜರ್‌ಲೆಂಡಿನ ಲೊಸಾನ್‌ನಲ್ಲಿ ಉಲ್ರಿಕ್ ಸಿಗ್ವಾರ್ಟ್ ಮೊದಲ ಸ್ಟೆಂಟ್‌ಗಳನ್ನು ಹಾಕಿದರು. ಎಲ್ಲರಿಗೂ ಉತ್ಸಾಹ. ಆದರೆ ಐದು ವರ್ಷಗಳ ನಂತರ ಮೊದಲ 105 ರೋಗಿಗಳ ಲೆಕ್ಕ ಪ್ರಕಟವಾದಾಗ, ಅವರಲ್ಲಿ ಸುಮಾರು ಕಾಲು ಭಾಗ ಜನರ ಸ್ಟೆಂಟ್ ಪೂರ್ತಿ ಮುಚ್ಚಿಹೋಗಿತ್ತು. ಮುಚ್ಚಿದ್ದು ಹೆಚ್ಚಾಗಿ ಮೊದಲ ಎರಡು ವಾರಗಳಲ್ಲೇ.

ಕಾರಣ ಸರಳ. ಪ್ಲೇಟ್‌ಲೆಟ್‌ಗಳ ಪಾಲಿಗೆ ಸ್ಟೆಂಟ್ ಒಂದು ಹೊರಗಿನ ವಸ್ತು, ಜೊತೆಗೆ ಬಲೂನಿನ ಒತ್ತಡಕ್ಕೆ ಧಮನಿಯ ಒಳಪೊರೆ ಬೇರೆ ಹರಿದಿರುತ್ತದೆ. ಬ್ಲಾಕ್ ತೆರೆಯಲು ಹೋಗಿ ನಾವೇ ಹೊಸ ಬಿರುಕುಗಳನ್ನು ಮಾಡಿರುತ್ತೇವೆ. ಅಂದಿನ ವೈದ್ಯರು ಇದಕ್ಕೆ ಹುಡುಕಿದ ಮದ್ದು ವಾರ್ಫರಿನ್, ಹೆಪಾರಿನ್‌ನಂಥ ಪ್ರಬಲ ಔಷಧಗಳು. ಇವು ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ತಡೆಯುತ್ತವೆ, ಪ್ಲೇಟ್‌ಲೆಟ್‌ಗಳ ತಂಟೆಗೆ ಹೋಗುವುದಿಲ್ಲ. ರೋಗಿಗಳು ದಿನಗಟ್ಟಲೆ ಆಸ್ಪತ್ರೆಯಲ್ಲೇ ಉಳಿಯಬೇಕಾಗುತ್ತಿತ್ತು, ತೊಡೆಸಂದಿಯಲ್ಲಿ ಸೂಜಿ ಚುಚ್ಚಿದ ಜಾಗದಿಂದ ವಿಪರೀತ ರಕ್ತಸ್ರಾವವಾಗುತ್ತಿತ್ತು, ಅಷ್ಟಾದರೂ ಸ್ಟೆಂಟ್ ಮುಚ್ಚುವುದು ನಿಲ್ಲಲಿಲ್ಲ. ಸ್ಟೆಂಟ್ ಎಂಬ ಕಲ್ಪನೆಯೇ ಸೋತಿತು ಎಂಬ ಸ್ಥಿತಿ ಬಂದಿತ್ತು. 1990ರ ದಶಕದ ಮಧ್ಯದಲ್ಲಿ ಮಿಲಾನಿನ ಆಂಟೋನಿಯೋ ಕೊಲಂಬೋ, ಸ್ಟೆಂಟನ್ನು ಧಮನಿಯ ಗೋಡೆಗೆ ಚೆನ್ನಾಗಿ ಒತ್ತಿ ಕೂರಿಸಿದರೆ ಪ್ಲೇಟ್‌ಲೆಟ್ ತಡೆಯುವ ಮಾತ್ರೆಗಳೇ ಸಾಕು ಎಂದು ತೋರಿಸಿದರು. 1996ರಲ್ಲಿ ಮ್ಯೂನಿಕ್‌ನ ಆಲ್ಬರ್ಟ್ ಶೋಮಿಗ್ ತಂಡ 517 ರೋಗಿಗಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಿತು. ಒಂದು ಗುಂಪಿಗೆ ಹಳೆಯ ಪ್ರಬಲ ಔಷಧ, ಇನ್ನೊಂದಕ್ಕೆ ಆಸ್ಪಿರಿನ್ ಜೊತೆ ಟಿಕ್ಲೋಪಿಡಿನ್. ಒಂದು ತಿಂಗಳಲ್ಲಿ ಮೊದಲ ಗುಂಪಿನ ಶೇ 5.4ರಷ್ಟು ಜನರಲ್ಲಿ ಸ್ಟೆಂಟ್ ಹಾಕಿದ ಧಮನಿ ಮುಚ್ಚಿತ್ತು, ಎರಡು ಮಾತ್ರೆ ನುಂಗಿದವರಲ್ಲಿ ಶೇ 0.8ರಷ್ಟು ಮಾತ್ರ. ರಕ್ತಸ್ರಾವವೂ ಇವರಲ್ಲೇ ಕಡಿಮೆ. ಟಿಕ್ಲೋಪಿಡಿನ್‌ನಿಂದ ಕೆಲವರಲ್ಲಿ ಬಿಳಿ ರಕ್ತಕಣಗಳು ಅಪಾಯಕಾರಿಯಾಗಿ ಕುಸಿಯುತ್ತಿದ್ದುದರಿಂದ ಅದರ ಜಾಗಕ್ಕೆ ಕ್ಲೋಪಿಡೋಗ್ರೆಲ್ ಬಂತು. ಇವತ್ತು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಸ್ಟೆಂಟ್ ಹಾಕಿಸಿಕೊಂಡವರು ಎರಡೇ ದಿನಕ್ಕೆ ಮನೆಗೆ ನಡೆದು ಹೋಗುತ್ತಿದ್ದರೆ ಅದರ ಹಿಂದೆ ಈ ಎರಡು ಮಾತ್ರೆಗಳಿವೆ. ಮಾತ್ರೆ ಇಲ್ಲದಿದ್ದರೆ ಸ್ಟೆಂಟ್ ಉಳಿಯುತ್ತಲೇ ಇರಲಿಲ್ಲ.

ಆಸ್ಪಿರಿನ್‌ನ ಬಗ್ಗೆಯೂ ಒಂದು ಮಾತು. ತಲೆನೋವಿಗೆ ನುಂಗುವ, ಒಂದೆರಡು ರೂಪಾಯಿಯ ಮಾತ್ರೆಗೆ ಅಷ್ಟು ಶಕ್ತಿ ಇದೆಯೇ ಎಂದು ನಂಬದವರು ಇದ್ದಾರೆ. 1988ರಲ್ಲಿ ಪ್ರಕಟವಾದ ಐಸಿಸ್-2 ಅಧ್ಯಯನದಲ್ಲಿ ಹೃದಯಾಘಾತದ ಶಂಕೆಯಿಂದ ಆಸ್ಪತ್ರೆ ಸೇರಿದ 17,187 ಮಂದಿ ಇದ್ದರು. ಆಸ್ಪಿರಿನ್ ಒಂದರಿಂದಲೇ ಐದು ವಾರಗಳಲ್ಲಿ ಸಾವು ಶೇ 23ರಷ್ಟು ಕಡಿಮೆಯಾಯಿತು. ಹೆಪ್ಪು ಕರಗಿಸುವ ದುಬಾರಿ ಸ್ಟ್ರೆಪ್ಟೋಕೈನೇಸ್ ಇಂಜೆಕ್ಷನ್ ಮಾಡಿದ ಉಪಕಾರವೂ ಹೆಚ್ಚು ಕಡಿಮೆ ಅಷ್ಟೇ, ಶೇ 25. ಎರಡೂ ಸೇರಿದಾಗ ಶೇ 42. ಈ ಅಧ್ಯಯನದಲ್ಲಿ ಇನ್ನೊಂದು ಪಾಠವಿದೆ. ಗಂಡು, ಹೆಣ್ಣು, ವಯಸ್ಸು ಎಂದು ಗುಂಪು ಗುಂಪಾಗಿ ಒಡೆದು ಫಲಿತಾಂಶ ಕೊಡಿ ಎಂದು ಪತ್ರಿಕೆಯವರು ಕೇಳಿದಾಗ, ಸಂಶೋಧಕರು ರೋಗಿಗಳನ್ನು ರಾಶಿಯ ಪ್ರಕಾರವೂ ಒಡೆದು ತೋರಿಸಿದರು. ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್‌ನಿಂದ ಪ್ರಯೋಜನವೇ ಇಲ್ಲ ಎಂಬ ಉತ್ತರ ಬಂತು! ದೊಡ್ಡ ಸತ್ಯವನ್ನು ಚೂರು ಚೂರು ಮಾಡಿದರೆ ಸುಳ್ಳುಗಳು ಹುಟ್ಟುತ್ತವೆ ಎಂದು ಅವರು ಹೇಳಬೇಕಾಗಿತ್ತು. ‘ನಮ್ಮದು ಉಷ್ಣದ ದೇಹ, ನಮ್ಮ ಮನೆತನಕ್ಕೆ ಆಸ್ಪಿರಿನ್ ಆಗಿಬರುವುದಿಲ್ಲ’ ಎಂದು ಮಾತ್ರೆ ಬಿಡುವವರಿಗೆ ನಾನು ಈ ಪ್ರಸಂಗವನ್ನು ಹೇಳುತ್ತಿರುತ್ತೇನೆ.

ಇನ್ನು ತುರ್ತಿನ ಹೊತ್ತು. ಎದೆಯ ನಡುವೆ ಹಿಂಡಿದಂಥ ನೋವು, ಎಡಗೈಗೋ ದವಡೆಗೋ ಹರಡುವುದು, ತಣ್ಣನೆಯ ಬೆವರು. ನಮ್ಮ ಕಡೆ ಇದಕ್ಕೆ ಮೊದಲು ಸಿಗುವ ಹೆಸರು ‘ಗ್ಯಾಸ್ಟ್ರಿಕ್’. ಸೋಡಾ, ಜೀರಿಗೆ ಕಷಾಯ, ಪಕ್ಕದ ಮೆಡಿಕಲ್ ಶಾಪಿನ ಆ್ಯಂಟಾಸಿಡ್ ಎಂದು ಒಂದು ತಾಸು ಹೋಗುತ್ತದೆ. ಇನ್ನು ಕೆಲವರು ನಾಲಿಗೆ ಕೆಳಗೆ ಸಾರ್ಬಿಟ್ರೇಟ್ ಇಟ್ಟು ನಿಶ್ಚಿಂತರಾಗುತ್ತಾರೆ. ಸಾರ್ಬಿಟ್ರೇಟ್ ರಕ್ತನಾಳವನ್ನು ಸಡಿಲಿಸುತ್ತದೆ, ಹೆಪ್ಪಿಗೆ ಏನೂ ಮಾಡುವುದಿಲ್ಲ. ಬಿಪಿ ಆಗಲೇ ಕುಸಿದಿದ್ದರೆ ಇನ್ನೂ ಕುಸಿಯುತ್ತದೆ. ಹೆಪ್ಪಿನ ಬೆಳವಣಿಗೆಗೆ ಅಡ್ಡಬರುವುದು ಆಸ್ಪಿರಿನ್. 108ಕ್ಕೆ ಫೋನ್ ಮಾಡಿ, ಆಸ್ಪಿರಿನ್ ಅಲರ್ಜಿ, ಇತ್ತೀಚಿನ ರಕ್ತಸ್ರಾವ ಇಲ್ಲವೆಂದು ಖಚಿತಪಡಿಸಿಕೊಂಡು, ಸುಮಾರು 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಬೇಕು. ಅಗಿಯಬೇಕು ಎಂಬುದಕ್ಕೆ ಒತ್ತು ಕೊಡುತ್ತೇನೆ. ಇಕೋಸ್ಪ್ರಿನ್‌ನಂಥ ಮಾತ್ರೆಗಳಿಗೆ ಹೊಟ್ಟೆಯಲ್ಲಿ ಕರಗದಂತೆ ಲೇಪ ಇರುತ್ತದೆ, ಹಾಗೇ ನುಂಗಿದರೆ ಪರಿಣಾಮಕ್ಕೆ ಗಂಟೆಗಟ್ಟಲೆ ಬೇಕು. 2025ರ ಜೂನ್–ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಪರೀಕ್ಷೆಗಾಗಿ ಸಾಲು ನಿಂತವು. ಆ ಭಯದಲ್ಲಿ ನೂರು ಪ್ರಶ್ನೆ ಕೇಳಿದ ಜನ ಈ ಒಂದನ್ನು ಕೇಳಲಿಲ್ಲ ಎಂಬುದು ನನ್ನನ್ನು ಕಾಡುತ್ತದೆ: ನೋವು ಬಂದ ಮೊದಲ ಹತ್ತು ನಿಮಿಷದಲ್ಲಿ ಮನೆಯವರು ಏನು ಮಾಡಬೇಕು?

ಆಸ್ಪತ್ರೆಯಲ್ಲಿ ಇಸಿಜಿ ನೋಡಿ ದೊಡ್ಡ ಧಮನಿಯೇ ಮುಚ್ಚಿದೆ ಎಂದು ಗೊತ್ತಾದರೆ ಅತ್ಯುತ್ತಮ ಚಿಕಿತ್ಸೆ ತಕ್ಷಣದ ಆಂಜಿಯೋಪ್ಲಾಸ್ಟಿ. ಅಂಥ ಆಸ್ಪತ್ರೆಯ ಬಾಗಿಲಿಗೆ ಬಂದ 90 ನಿಮಿಷದೊಳಗೆ ಬಲೂನು ಉಬ್ಬಬೇಕು ಎಂಬುದು ಜಗತ್ತಿನ ಗುರಿ. ಅದಕ್ಕೂ ಮೊದಲೇ ‘ಲೋಡಿಂಗ್ ಡೋಸ್’ ಎಂದು ಒಂದೇ ಸಲಕ್ಕೆ ಹೆಚ್ಚು ಮಾತ್ರೆ ನುಂಗಿಸುತ್ತಾರೆ: ಆಸ್ಪಿರಿನ್ ಜೊತೆಗೆ ಟಿಕಾಗ್ರೆಲಾರ್ 180 ಮಿಲಿಗ್ರಾಂ, ಅಥವಾ ಪ್ರಾಸುಗ್ರೆಲ್ 60, ಅಥವಾ ಕ್ಲೋಪಿಡೋಗ್ರೆಲ್ 600. ಆಘಾತದ ಹೊತ್ತಿನಲ್ಲಿ ಕರುಳು ನಿಧಾನವಾಗುವುದರಿಂದ ಮಾತ್ರೆ ರಕ್ತ ಸೇರುವುದೂ ತಡ. ನೋವಿಗೆ ಕೊಡುವ ಮಾರ್ಫಿನ್ ಅದನ್ನು ಇನ್ನಷ್ಟು ತಡಮಾಡುತ್ತದೆ. ಅದಕ್ಕಾಗಿಯೇ ಕೆಲವು ಕಡೆ ಮಾತ್ರೆಯನ್ನು ಪುಡಿಮಾಡಿ ಕೊಡುತ್ತಾರೆ. ಹೆಪ್ಪು ದೊಡ್ಡದಿದ್ದರೆ ಆಂಜಿಯೋಪ್ಲಾಸ್ಟಿ ಮಾಡುವ ಕ್ಯಾಥ್‌ಲ್ಯಾಬಿನಲ್ಲೇ ಟೈರೋಫಿಬಾನ್‌ನಂಥ ಇಂಜೆಕ್ಷನ್ ಕೊಡುವುದುಂಟು.

ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ಘಟ್ಟದ ರಸ್ತೆ, ಮಳೆಗಾಲ, ರಾತ್ರಿ ಎಂದು ಎಣಿಸಿದರೆ ಎರಡು ತಾಸಿನೊಳಗೆ ಬಲೂನು ಉಬ್ಬುವುದು ಕನಸಿನ ಮಾತು. ಅಂಥ ಕಡೆಗಳಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟೇ ಮುಂದಕ್ಕೆ ಕಳಿಸಬೇಕು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದಲ್ಲಿ ಕುಳಿತ ತಜ್ಞರು ನೋಡಿ ಹೇಳುತ್ತಾರೆ, ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಇಂಜೆಕ್ಷನ್ ಅಲ್ಲಿ ಉಚಿತ. ನಮ್ಮ ರಾಜ್ಯ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೊಂದು ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಇಂಜೆಕ್ಷನ್ ಪಡೆದವರಿಗೆ ಜೊತೆಯ ಮಾತ್ರೆ ಬೇರೆ. ಇಲ್ಲಿ ಪ್ರಬಲವಾದ ಟಿಕಾಗ್ರೆಲಾರ್, ಪ್ರಾಸುಗ್ರೆಲ್ ಬೇಡ. ಮೆದುಳಿನಲ್ಲಿ ರಕ್ತಸ್ರಾವದ ಅಪಾಯವಿರುವುದರಿಂದ ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ 300, ವಯಸ್ಸು 75 ದಾಟಿದ್ದರೆ 75 ಮಿಲಿಗ್ರಾಂ ಮಾತ್ರ. ‘ಪಕ್ಕದ ಮನೆಯವರಿಗೆ ದೊಡ್ಡ ಮಾತ್ರೆ ಕೊಟ್ಟರು, ನಮಗೆ ಸಣ್ಣದು’ ಎಂದು ಬೇಸರಪಡುವವರಿಗಾಗಿ ಇದನ್ನು ಬರೆದೆ.

ಮನೆಗೆ ಬಂದ ಮೇಲೆ ಯಾವ ಮಾತ್ರೆ? ಕ್ಲೋಪಿಡೋಗ್ರೆಲ್ ಅಗ್ಗ, ದಿನಕ್ಕೊಂದು. ಆದರೆ ಅದು ಯಕೃತ್ತಿನಲ್ಲಿ ಬದಲಾದ ಮೇಲಷ್ಟೇ ಕೆಲಸಕ್ಕೆ ಬರುತ್ತದೆ, ಆ ಬದಲಾವಣೆ ಮಾಡುವ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ದುರ್ಬಲ; ಏಷ್ಯಾದವರಲ್ಲಿ ಇದು ಹೆಚ್ಚು. ಪ್ರಾಸುಗ್ರೆಲ್ ಇನ್ನೂ ಖಚಿತ, ಆದರೆ ಹಿಂದೆ ಪಾರ್ಶ್ವವಾಯು ಆಗಿದ್ದವರಿಗೆ ಕೊಡುವಂತಿಲ್ಲ, 60 ಕಿಲೋಗಿಂತ ಕಡಿಮೆ ತೂಕದವರಲ್ಲಿ ಎಚ್ಚರ ಬೇಕು. 2009ರಲ್ಲಿ 18,624 ರೋಗಿಗಳ ಪ್ಲೇಟೋ ಅಧ್ಯಯನದಲ್ಲಿ ಟಿಕಾಗ್ರೆಲಾರ್ ಕ್ಲೋಪಿಡೋಗ್ರೆಲ್‌ಗಿಂತ ಮೇಲು ಎಂದು ಕಂಡಿತು. ಆದರೆ ದಿನಕ್ಕೆ ಎರಡು ಸಲ ತಪ್ಪದೆ ನುಂಗಬೇಕು, ಯಾಕೆಂದರೆ ಅದರ ಹಿಡಿತ ಬೇಗ ಬಿಡುತ್ತದೆ. ಕೆಲವರಿಗೆ ಅದರಿಂದ ಉಸಿರು ಕಟ್ಟಿದಂತಾಗುತ್ತದೆ. ಮತ್ತೆ ಹೃದಯ ಕೆಟ್ಟಿತೆಂದು ಹೆದರಿ ಮಾತ್ರೆಯನ್ನೇ ಬಿಟ್ಟವರನ್ನು ನಾನು ನೋಡಿದ್ದೇನೆ. ಬಿಡಬೇಡಿ, ವೈದ್ಯರಿಗೆ ಹೇಳಿ. ಬೇರೆ ಮಾತ್ರೆಗೆ ಬದಲಿಸಬಹುದು. ಎರಡನೆಯ ಡೋಸ್ ತಪ್ಪುತ್ತದೆ ಎಂದು ಗೊತ್ತಿರುವ ರೋಗಿಗೆ ಪುಸ್ತಕದ ಪ್ರಕಾರ ಶ್ರೇಷ್ಠವಾದದ್ದಕ್ಕಿಂತ ಅವರು ದಿನಾ ನುಂಗುವ ಕ್ಲೋಪಿಡೋಗ್ರೆಲ್ಲೇ ಲೇಸು ಎಂದು ನನ್ನ ಅನುಭವ.

ಎಷ್ಟು ದಿನ? ಹೃದಯಾಘಾತವಾಗಿ ಸ್ಟೆಂಟ್ ಹಾಕಿದವರಿಗೆ ಸಾಮಾನ್ಯ ಲೆಕ್ಕ 12 ತಿಂಗಳು, ಆಮೇಲೆ ಒಂದು ಮಾತ್ರೆ ಮುಂದುವರಿಯುತ್ತದೆ. ರಕ್ತಸ್ರಾವದ ಅಪಾಯ ಹೆಚ್ಚಿದ್ದರೆ ವೈದ್ಯರು ಮೊದಲೇ ಒಂದನ್ನು ನಿಲ್ಲಿಸಬಹುದು. ಮೂರು ತಿಂಗಳಿಗೇ ಆಸ್ಪಿರಿನ್ ಬಿಟ್ಟು ಟಿಕಾಗ್ರೆಲಾರ್ ಒಂದನ್ನೇ ಮುಂದುವರಿಸಬಹುದು ಎಂದು 2019ರ ಟ್ವಿಲೈಟ್ ಅಧ್ಯಯನ ಹೇಳಿದ್ದನ್ನು ಓದಿ ಹಲವರು ಬರೆದಿದ್ದಾರೆ. ಧಮನಿ ಪೂರ್ತಿ ಮುಚ್ಚಿ ತುರ್ತು ಆಂಜಿಯೋಪ್ಲಾಸ್ಟಿಗೆ ಒಳಗಾದವರನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡಿರಲಿಲ್ಲ. ಆದ್ದರಿಂದ ಅಂಥವರು ಅದನ್ನು ಓದಿ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು.

ನನಗೆ ಅತಿ ಹೆಚ್ಚು ಸಂಕಟ ಕೊಡುವ ಪ್ರಸಂಗಗಳು ಈ ನಿಲ್ಲಿಸುವಿಕೆಯವೇ. ಹಾವೇರಿ ಕಡೆಯ ರೈತರೊಬ್ಬರು, ಸ್ಟೆಂಟ್ ಹಾಕಿಸಿಕೊಂಡು ಎರಡು ತಿಂಗಳೂ ಆಗಿರಲಿಲ್ಲ, ಹಲ್ಲು ಕೀಳಿಸಲು ಹೋದರು. ರಕ್ತ ನಿಲ್ಲುವುದಿಲ್ಲ, ಒಂದು ವಾರ ಮಾತ್ರೆ ಬಿಟ್ಟು ಬನ್ನಿ ಎಂದು ಯಾರೋ ಹೇಳಿದರು. ಅವರು ಎರಡೂ ಬಿಟ್ಟರು. ವಾರ ತುಂಬುವ ಮೊದಲೇ ಮತ್ತೆ ಎದೆನೋವು, ಅದೇ ಸ್ಟೆಂಟ್ ಒಳಗೆ ಹೆಪ್ಪು. ಜೀವ ಉಳಿಯಿತು, ಆದರೆ ಹೃದಯದ ಬಲ ಕುಗ್ಗಿತು, ಈಗ ಹೊಲಕ್ಕೆ ಹೋಗಲಾರರು. ಒಂದು ಹಲ್ಲು ಕೀಳಲು ಸಾಮಾನ್ಯವಾಗಿ ಮಾತ್ರೆ ನಿಲ್ಲಿಸುವ ಅಗತ್ಯವೇ ಇಲ್ಲ. ಒತ್ತಿ ಹಿಡಿದರೆ, ಹೊಲಿಗೆ ಹಾಕಿದರೆ ರಕ್ತ ನಿಲ್ಲುತ್ತದೆ. ದೊಡ್ಡ ಶಸ್ತ್ರಚಿಕಿತ್ಸೆಯಾದರೆ ಹೃದಯ ವೈದ್ಯರು ಮತ್ತು ಶಸ್ತ್ರಚಿಕಿತ್ಸಕರು ಮಾತಾಡಿಕೊಂಡು ತೀರ್ಮಾನಿಸಬೇಕು. ಮುಂದೂಡಬಹುದಾದದ್ದನ್ನು ಮುಂದೂಡಬೇಕು.

ರಕ್ತಸ್ರಾವದ ಭಯ ಸುಳ್ಳಲ್ಲ. ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಮಂಡಿನೋವಿಗೆಂದು ಅಂಗಡಿಯಿಂದ ತರುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರೆಗಳು ಇವುಗಳ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತ ಸುರಿಯುವ ಅಪಾಯ ಬಹಳ. ಐಬುಪ್ರೊಫೇನ್ ಆಸ್ಪಿರಿನ್‌ನ ಕೆಲಸಕ್ಕೂ ಅಡ್ಡಬರುತ್ತದೆ. ಗ್ಯಾಸ್ಟ್ರಿಕ್ ಮಾತ್ರೆ ಬೇಕಾದರೆ ಕ್ಲೋಪಿಡೋಗ್ರೆಲ್ ನುಂಗುವವರಿಗೆ ಒಮೆಪ್ರಜೋಲ್‌ಗಿಂತ ಪ್ಯಾಂಟೊಪ್ರಜೋಲ್ ಒಳ್ಳೆಯದು. ಡೆಂಗಿ ಬಂದರೆ ಜ್ವರದ ಮೊದಲ ದಿನವೇ ಸ್ಟೆಂಟ್ ಇದೆ ಎಂದು ವೈದ್ಯರಿಗೆ ಹೇಳಿ. ಪ್ಲೇಟ್‌ಲೆಟ್ ಸಂಖ್ಯೆ, ಸ್ಟೆಂಟ್ ಹಾಕಿ ಎಷ್ಟು ತಿಂಗಳಾಯಿತು ಎಂಬ ಎರಡನ್ನೂ ನೋಡಿ ಅವರು ನಿರ್ಧರಿಸಲಿ.

2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಔಷಧ ಲೇಪಿತ ಸ್ಟೆಂಟಿನ ಬೆಲೆಗೆ ಸುಮಾರು 30 ಸಾವಿರ ರೂಪಾಯಿಯ ಮಿತಿ ಹಾಕಿದಾಗ ದೇಶವೆಲ್ಲ ಚರ್ಚೆ ಮಾಡಿತು. ಇವತ್ತಿಗೂ ಯಾವ ದೇಶದ ಸ್ಟೆಂಟ್ ಎಂದು ಕೇಳದ ಮನೆಯವರಿಲ್ಲ. ಮಾತ್ರೆಯ ಹೆಸರು ಕೇಳುವವರು ಕಡಿಮೆ, ಹೇಳುವ ಆಸ್ಪತ್ರೆಗಳೂ ಕಡಿಮೆ. ಡಿಸ್ಚಾರ್ಜ್ ಸಾರಾಂಶ ಇಂಗ್ಲಿಷಿನಲ್ಲಿ ನಾಲ್ಕು ಪುಟ ಇರುತ್ತದೆ. ಅದರ ಮೊದಲ ಪುಟದಲ್ಲೇ ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಎರಡು ಮಾತ್ರೆಗಳ ಹೆಸರು ಮತ್ತು ಯಾವ ದಿನಾಂಕದವರೆಗೆ ನಿಲ್ಲಿಸಬಾರದು ಎಂದು ಬರೆಯುವುದನ್ನು ಸರ್ಕಾರ ಕಡ್ಡಾಯ ಮಾಡಬೇಕು. ಇದಕ್ಕೆ ಖರ್ಚೇನೂ ಇಲ್ಲ.

ಸರ್ಕಾರ ಮಾಡುವವರೆಗೆ ಕಾಯಬೇಡಿ. ನಿಮ್ಮ ಮನೆಯಲ್ಲಿ ಸ್ಟೆಂಟ್ ಹಾಕಿಸಿಕೊಂಡವರಿದ್ದರೆ ಇವತ್ತೇ ಆ ಕಾಗದ ತೆಗೆದು ಎರಡು ಮಾತ್ರೆಗಳ ಹೆಸರು, ಸ್ಟೆಂಟ್ ಹಾಕಿದ ದಿನಾಂಕ ಬರೆದು ಅವರ ಜೇಬಿನಲ್ಲೂ ನಿಮ್ಮ ಫೋನಿನಲ್ಲೂ ಇಟ್ಟುಕೊಳ್ಳಿ. ಮಾತ್ರೆ ಮುಗಿಯುವ ಒಂದು ವಾರ ಮೊದಲೇ ತನ್ನಿ. ದುಬಾರಿ ಎನಿಸಿದರೆ ಬಾಯಿಬಿಟ್ಟು ಹೇಳಿ, ಜನೌಷಧಿ ಕೇಂದ್ರಗಳಲ್ಲಿ ಕ್ಲೋಪಿಡೋಗ್ರೆಲ್, ಆಸ್ಪಿರಿನ್ ಕಡಿಮೆ ಬೆಲೆಗೆ ಸಿಗುತ್ತವೆ. ಮಾತ್ರೆ ನಿಲ್ಲಿಸಿ ಎಂದು ಯಾರು ಹೇಳಿದರೂ, ಸ್ಟೆಂಟ್ ಹಾಕಿದ ವೈದ್ಯರಿಗೆ ಒಂದು ಫೋನ್ ಮಾಡಿ ಕೇಳಿದ ಮೇಲೆಯೇ ನಿಲ್ಲಿಸಿ.